ವಾಚನಾಲಯದ ಎರಡನೆಯ ಮೇಜು

ನಗರದ ವಾಚನಾಲಯಗಳ ಮೇಲ್ವಿಚಾರಕರಿಗೆ,

ಮಾನ್ಯರೇ,

ಚಾಮರಾಜಪೇಟೆಯ ನಮ್ಮ ವಾಚನಾಲಯದಲ್ಲಿ ಚುನಾವಣೆಯ ಹೊತ್ತಿಗೆ ತಾವು ಹಾಕಿಸಿದ ಎರಡನೆಯ ಮೇಜನ್ನು ತೆಗೆಸಬೇಕೆಂದು ಕೇಳಲು ಬರೆಯುತ್ತಿದ್ದೇನೆ. ಒಂದು ಪಕ್ಷದ ಪತ್ರಿಕೆ ಬಾಗಿಲ ಬಳಿ, ಇನ್ನೊಂದು ಪಕ್ಷದ್ದು ಕಿಟಕಿಯ ಬಳಿ. ಓದುಗರ ನಡುವಿನ ಗಲಾಟೆ ನಿಂತಿತೆಂದು ತಾವು ಮೇಲಿನವರಿಗೆ ವರದಿ ಮಾಡಿರಬಹುದು. ನಿಜ, ನಿಂತಿದೆ. ಮಾತೇ ಆಡದವರು ಜಗಳವಾಡುವುದು ಹೇಗೆ? ಒಂದೇ ವಾರದಲ್ಲಿ ಬಾಗಿಲ ಮೇಜು ನಮ್ಮ ಲಿಂಗಾಯತರದು, ಕಿಟಕಿಯದು ಬ್ರಾಹ್ಮಣರದು ಎಂದಾಯಿತು. ತಾವು ಹಾಗೆಂದು ಬರೆಸಿ ಅಂಟಿಸಿರಲಿಲ್ಲ. ಅಂಟಿಸುವ ಅಗತ್ಯವೂ ಬೀಳಲಿಲ್ಲ.

ನನ್ನ ತಂದೆ ರೇವಣಸಿದ್ದಯ್ಯನವರ ಕಣ್ಣಿಗೆ ಪೊರೆ ಬಂದಿದೆ. ಪಕ್ಕದ ಮನೆಯ ವೆಂಕಟಾಚಲ ಮೇಷ್ಟ್ರು ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ವಾಚನಾಲಯದಲ್ಲಿ ಕೂತು ಎರಡೂ ಪತ್ರಿಕೆಗಳನ್ನು ಅವರಿಗೆ ಓದಿ ಹೇಳುತ್ತಿದ್ದರು. ಒಂದೇ ಸಭೆಗೆ ಹತ್ತು ಸಾವಿರ ಜನ ಬಂದರೆಂದು ಒಂದು ಪತ್ರಿಕೆ, ಇನ್ನೂರೆಂದು ಇನ್ನೊಂದು.

"ಯಾವ್ದನ್ನ ನಂಬೋಣ ಸಿದ್ದಯ್ಯನೋರೆ?"

"ಪೊರೆ ಬಂದಿರೋದು ನನ್ನ ಕಣ್ಣಿಗೆ. ಬರೆದೋರಿಗೇನಾಗಿತ್ತು ಮೇಷ್ಟ್ರೇ?"

ಇಬ್ಬರೂ ನಕ್ಕು ಕಾಫಿಗೆ ಹೊರಡುತ್ತಿದ್ದರು.

ಮೇಜು ಬೇರೆಯಾದ ಮೇಲೆ ಓದಿ ಹೇಳುವ ಕೆಲಸ ನನ್ನದಾಯಿತು. ನಾನು ನಾಲ್ಕನೇ ತರಗತಿಯವರೆಗೆ ಓದಿದವನು. ಅಚ್ಚಾದದ್ದನ್ನೆಲ್ಲ ಹಾಗೆಯೇ ಓದಬೇಕೆಂದು ತಿಳಿದಿದ್ದೆ. 'ಆ ಜನ ನಮ್ಮವರನ್ನು ಎಂದೂ ಮನುಷ್ಯರೆಂದು ಎಣಿಸಿಲ್ಲ' ಎಂಬ ಸಾಲನ್ನೂ ಗಟ್ಟಿಯಾಗಿ ಓದಿದೆ. ಅಪ್ಪ ಇನ್ನೊಮ್ಮೆ ಓದಿಸಿದರು. ಅಂದಿನಿಂದ ಮೇಷ್ಟ್ರು ಅವರಿಗೆ ಮೇಷ್ಟ್ರಾಗಿ ಉಳಿಯಲಿಲ್ಲ, 'ಆ ಜನ' ಆದರು. ಕಿಟಕಿಯ ಪತ್ರಿಕೆ ಏನು ಬರೆದಿತ್ತೋ, ಮೇಷ್ಟ್ರೂ ನಮ್ಮ ಜಗಲಿಯ ಮುಂದೆ ತಲೆ ತಗ್ಗಿಸಿ ನಡೆಯತೊಡಗಿದರು. ಮತದಾನದ ದಿನ ಅಪ್ಪ ಅಭ್ಯರ್ಥಿ ಏನು ಮಾಡಿದ್ದಾನೆಂದು ಕೇಳಲಿಲ್ಲ; ಯಾರ ಪೈಕಿ ಎಂದು ಕೇಳಿದರು.

ಮಾರ್ಚ್ ತಿಂಗಳಲ್ಲಿ ಮೇಷ್ಟ್ರು ಹಾಸಿಗೆ ಹಿಡಿದರು. ಅವರ ಹೆಂಡತಿ ಭಾಗೀರಥಮ್ಮ ನಮ್ಮ ಬಾಗಿಲಿಗೆ ಬಂದರು.

"ನಿಮ್ಮನ್ನ ನೋಡ್ಬೇಕಂತೆ. ಒಂದ್ಸಲ ಬಂದ್ಹೋಗಿ."

"ನೋಡ್ಕೊಳ್ಳೋಕೆ ನಿಮ್ಮ ಕಡೆಯೋರು ಇದ್ದಾರಲ್ಲಮ್ಮ," ಎಂದರು ಅಪ್ಪ.

ನಾಲ್ಕನೆಯ ದಿನ ಮೇಷ್ಟ್ರು ತೀರಿಕೊಂಡರು. ನಡುವೆ ಇದ್ದದ್ದು ಒಂದು ಗೋಡೆ.

ಕಳೆದ ಸೋಮವಾರ ಅಪ್ಪ, "ಮೇಷ್ಟ್ರು ಓದ್ತಿದ್ದ ಪತ್ರಿಕೆ ಓದೋ. ನಮ್ಮನ್ನ ಏನಂತ ತಿಳ್ಕೊಂಡು ಹೋದ್ರೋ ಗೊತ್ತಾಗ್ಬೇಕು," ಎಂದರು. ಕೈ ಹಿಡಿದು ಕಿಟಕಿಯತ್ತ ಕರೆದೊಯ್ದೆ. ತಮ್ಮ ಜವಾನ ಅಡ್ಡ ಬಂದು, ಬಹಳ ಗೌರವದಿಂದಲೇ, "ಯಜಮಾನ್ರೆ, ನಿಮ್ದು ಬಾಗ್ಲತ್ರ ಐತೆ," ಎಂದ. ಕಣ್ಣು ಕಾಣದವರಿಗೆ ದಾರಿ ತೋರಿಸುತ್ತಿದ್ದೇನೆಂದೇ ಪಾಪ ಅವನು ತಿಳಿದಿದ್ದ. ಅಪ್ಪ ಮನೆಯತ್ತ ತಿರುಗಿದರು.

ಪತ್ರಿಕೆಗಳ ಬಾಯಿ ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಹಾಕಿಸಿ. ಗಲಾಟೆಯಾದರೆ ಆಗಲಿ, ಜಗಳವಾಡುವವರು ಎದುರುಬದುರಾಗಿಯಾದರೂ ಕೂರುತ್ತಾರೆ. ಕಿಟಕಿಯ ಮೇಜಿನ ಜನವರಿ, ಫೆಬ್ರವರಿಯ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕುವ ಮುನ್ನ ನಮಗೊಮ್ಮೆ ಕೊಡಿಸಿ. ಅಪ್ಪ ಇನ್ನೂ ದಿನಾ ಕೇಳುತ್ತಿದ್ದಾರೆ.

ಇಂತಿ,
ಓದಲು ಕಲಿತದ್ದಕ್ಕೆ ಮೊದಲ ಬಾರಿ ನಾಚಿರುವ
ಕೆಂಚಪ್ಪ
ಚಾಮರಾಜಪೇಟೆ, ಏಪ್ರಿಲ್ ೧೯೫೨