ನಾದಿನಿಯ ಕಂಪ್ಯೂಟರ್ ಕಟ್ಟಿದ್ದು

ಜೂನ್ 4, ಬೆಳಿಗ್ಗೆ

ಮತ್ತೆ ಆರಿತು. ನಾದಿನಿಯ ಕೋಣೆಯಿಂದ ಅದೇ ಕೂಗು — ಕಾಲ ಮೇಲೆ ಬಿಸಿ ಹಾಲು ಚೆಲ್ಲಿಕೊಂಡವರ ಕೂಗು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ. ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು ಅದರ ಹೊಟ್ಟೆಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದಾಳೆ. ತೀವ್ರ ನಿಗಾ ಘಟಕ. ರೋಗಿ ಅರ್ಧ ಗಂಟೆ ಉಸಿರಾಡಿದರೆ ಹೆಚ್ಚು. ಆಮೇಲೆ ಮೈ ಕಾದು ಕಣ್ಣು ಮುಚ್ಚುತ್ತಾನೆ.

ಅದರೊಳಗಿನ ಡಿಸ್ಕಿನಲ್ಲಿ ಅವಳ ಸಿನಿಮಾ. ಐವತ್ತು ದಾಟಿದ ಹೆಂಗಸರು ಈಜು ಕಲಿಯುವುದನ್ನು ಎರಡು ವರ್ಷ ಕಾದು ಕೂತು ತೆಗೆದದ್ದು. ಆ ಈಜುಕೊಳಕ್ಕೆ ಈಗ ಮಣ್ಣು ತುಂಬಿ, ಮೇಲೆ ಕಾರು ನಿಲ್ಲಿಸುತ್ತಿದ್ದಾರೆ. ಇನ್ನೊಮ್ಮೆ ತೆಗೆಯುವ ಮಾತೇ ಇಲ್ಲ. ಇನ್ನೊಂದು ಪ್ರತಿಯೂ ಇಲ್ಲ — ಪ್ರತಿ ಮಾಡಲು ಹೊರಟರೆ ನಡುವೆಯೇ ಆರುತ್ತದೆ. ಡಿಸ್ಕ್ ಕಿತ್ತು ಬೇರೆಯವರ ಮನೆಗೆ ಒಯ್ಯಲು ಇವಳು ಒಪ್ಪುವುದಿಲ್ಲ. ಹೆತ್ತ ಮಗುವನ್ನಾದರೂ ಪಕ್ಕದ ಮನೆಯಲ್ಲಿ ಬಿಟ್ಟಾಳು. ಚಿತ್ರೋತ್ಸವಕ್ಕೆ ಕಳಿಸಲು ಈ ತಿಂಗಳೇ ಕೊನೆ.

“ಹೊಸದು ತಗೊಳ್ಳೋಣ, ನೋಡ್ತೀನಿ” ಅಂದರು ನಮ್ಮ ಯಜಮಾನರು. ಒಂದು ಫ್ರಿಜ್ ಕೊಳ್ಳಲು ಹೋದ ವರ್ಷದಿಂದ ‘ನೋಡುತ್ತಿರುವ’ ಮಹಾನುಭಾವರು. ನಮ್ಮ ಮನೆಯ ಹಾಲು ಇವತ್ತಿಗೂ ಸಂಜೆಗೆ ಒಡೆಯುತ್ತದೆ.

“ನೀವು ನೋಡೋದು ಬೇಡ. ಬಿಡಿಭಾಗ ಆರಿಸಿ ನಾನೇ ಕಟ್ಟಿಕೊಡ್ತೀನಿ.”

ಅಣ್ಣ ತಂಗಿ ಇಬ್ಬರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅತ್ತಿಗೆ... ನೀವು ಔಷಧಿ ಅಂಗಡಿಯವರು.”

“ಅದಕ್ಕೇ! ಯಾವುದರ ಜೊತೆ ಯಾವುದು ಸೇರಬಾರದು ಅಂತ ನನಗಿಂತ ಯಾರಿಗೆ ಗೊತ್ತು?”

ಹೇಳುವಾಗ ಬಲು ಚೆಂದವಾಗಿತ್ತು.

ಜೂನ್ 6, ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತು

ಓದುತ್ತಿದ್ದೇನೆ. ಪ್ರೊಸೆಸರ್ ಎಂಬ ಮಹಾಶಯರಿಗೆ ತಮ್ಮದೇ ಅಳತೆಯ ಪೀಠ ಬೇಕು. ಪೀಠ ಇರುವುದು ಮದರ್‌ಬೋರ್ಡಿನಲ್ಲಿ. ಈ ಕಂಪನಿಯವರು ಆ ಕಂಪನಿಯ ಪೀಠದ ಮೇಲೆ ಕೂರುವುದಿಲ್ಲ. ಹಾಗೆಯೇ ಹಳೆಯ ಮೆಮೊರಿ ಹೊಸ ಬೋರ್ಡಿಗೆ ಒಲ್ಲದು. ಇಷ್ಟು ಮಡಿವಂತಿಕೆ ಮಾತ್ರೆಗಳಲ್ಲೂ ಇಲ್ಲ. ಮೆಮೊರಿ ಹದಿನಾರು ಜಿಬಿ ಸಾಕೋ ಮೂವತ್ತೆರಡು ಬೇಕೋ ಎಂದು ಲೆಕ್ಕ ಹಾಕುತ್ತಿದ್ದೆ.

ಯಾರೋ ಬಂದು ತಲೆನೋವಿಗೆ ಮಾತ್ರೆ ಕೇಳಿದರು. “ಹದಿನಾರೋ, ಮೂವತ್ತೆರಡೋ?” ಅಂದುಬಿಟ್ಟೆ. ಪಾಪ, ಎರಡು ಸಾಕು ಅಂದರು.

ಜೂನ್ 7

ಮೂವರೂ ಬಿಡಿಭಾಗದ ಅಂಗಡಿಗೆ. ಅಂಗಡಿಯವನಿಗೆ ನಾದಿನಿ ಇಟ್ಟ ಹೆಸರು ಫ್ಯೂಚರಪ್ಪ. ಯಾವುದನ್ನು ಮುಟ್ಟಿದರೂ ‘ಫ್ಯೂಚರ್ ಪ್ರೂಫ್’ ಅನ್ನುತ್ತಾನೆ.

“ಈ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಿ ಮೇಡಂ, ಫ್ಯೂಚರ್ ಪ್ರೂಫ್.”

“ಎಲ್ಲಿವರೆಗಿನ ಫ್ಯೂಚರ್?”

“ಮುಂದಿನ ಮಾಡೆಲ್ ಬರೋವರೆಗೆ.”

ಪ್ರಾಮಾಣಿಕ. ಆದರೂ ಮಧ್ಯಮದ್ದು ಸಾಕು ಅಂದೆ. ಸಿನಿಮಾ ಜೋಡಿಸುವವಳಿಗೆ ಮೆಮೊರಿ ಹೆಚ್ಚು ಬೇಕು — ಮೂವತ್ತೆರಡು ಜಿಬಿ. ಪ್ರತಿ ಇಡಲು, ಬೋರ್ಡಿಗೇ ಸಿಕ್ಕಿಸುವ ಒಂದು ಹೊಸ ಡಿಸ್ಕೂ. ಅಷ್ಟರಲ್ಲಿ ಯಜಮಾನರು ಮೂಲೆಯಿಂದ ಒಂದು ಡಬ್ಬ ಅಪ್ಪಿಕೊಂಡು ಬಂದರು.

“ಈ ಫ್ಯಾನ್ ನೋಡೇ! ತಿರುಗಿದ್ರೆ ಏಳು ಬಣ್ಣ ಬರುತ್ತೆ!”

“ಅಣ್ಣಾ, ನಾನು ಎಡಿಟ್ ಮಾಡೋಳು. ಆರ್ಕೆಸ್ಟ್ರಾ ಇಡೋಳಲ್ಲ. ನನಗೆ ಸದ್ದು ಬರಬಾರದು, ಅಷ್ಟೇ.”

“ಬಣ್ಣಕ್ಕೆ ಸದ್ದೆಲ್ಲಿರುತ್ತೆ?”

“ಬಣ್ಣ ನೋಡ್ದಾಗಲೆಲ್ಲ ನೀನು ಕೂಗ್ತೀಯಲ್ಲ!”

ಡಬ್ಬ ವಾಪಸು ಹೋಯಿತು. ಯಜಮಾನರ ಮುಖವೂ ಅದರ ಜೊತೆಗೇ.

ನನ್ನದು ಒಂದೇ ಹಟ — ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಹದ ಮಾಡಿ ಎಲ್ಲರಿಗೂ ಹಂಚುವ ಪೆಟ್ಟಿಗೆ. ಅದರಲ್ಲಿ ಉಳಿತಾಯ ಕೂಡದು. ಒಳ್ಳೆಯದನ್ನೇ ತೆಗೆದೆ. ವೈರುಗಳು ಬೇರೆಯಾಗಿ ಬರುತ್ತವೆ, ಬೇಕಾದಷ್ಟೇ ಸಿಕ್ಕಿಸಿಕೊಂಡರಾಯಿತು. ಇವೆಲ್ಲವನ್ನೂ ತುಂಬುವ ಹೊರಗಿನ ಪೆಟ್ಟಿಗೆ ಮಾತ್ರ ಹಳೆಯದೇ ಇರಲಿ ಅಂದೆ. ಗಟ್ಟಿ ಕಬ್ಬಿಣ. ಅಂಥದ್ದು ಈಗೆಲ್ಲಿ ಸಿಗುತ್ತದೆ?

ಜೂನ್ 11, ಸಂಜೆ

ಊಟದ ಮೇಜು ನನ್ನ ಆಪರೇಷನ್ ಥಿಯೇಟರ್. ಇವತ್ತು ಎಲ್ಲರೂ ನಿಂತೇ ಉಣ್ಣಬೇಕೆಂದು ಆಜ್ಞೆ.

ಪ್ರೊಸೆಸರನ್ನು ಪೀಠಕ್ಕಿಳಿಸುವಾಗ ಮೂವರೂ ಉಸಿರು ಬಿಗಿ ಹಿಡಿದಿದ್ದೆವು. ಮೇಲಿನ ಕೊಕ್ಕೆ ಒತ್ತಿದಾಗ ಕರಕ್ ಅಂತು. ನನ್ನ ಎದೆಯೂ. ಹಾಗೇ ಅನ್ನುತ್ತದಂತೆ, ಪುಸ್ತಿಕೆಯಲ್ಲಿ ಬರೆದಿದೆ. ಒಂದು ಮಾತು ಮೊದಲೇ ಹೇಳಬಾರದೇ?

ಎಂಟು ಗಂಟೆಗೆ ಗುಂಡಿ ಒತ್ತಿದೆ. ಬಂತು. ಪರದೆಯಲ್ಲಿ ಬೆಳಕು ಬಂತು! ಸದ್ದೇ ಇಲ್ಲ. ನಾದಿನಿ ಕಿವಿ ಇಟ್ಟು ಕೇಳಿ, “ಅತ್ತಿಗೆ, ಇದು ಸತ್ತಿದೆಯೋ ಬದುಕಿದೆಯೋ ಗೊತ್ತೇ ಆಗಲ್ಲ!” ಅಂದಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಈವರೆಗೆ ಕೇಳಿಲ್ಲ.

ನಾಳೆ ಅವಳ ಡಿಸ್ಕ್ ಸಿಕ್ಕಿಸಿದರೆ ಮುಗಿಯಿತು. ಎಲ್ಲಕ್ಕಿಂತ ಸುಲಭದ ಕೆಲಸ.

ಜೂನ್ 12, ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ.

ಹಳೆಯ ಪೆಟ್ಟಿಗೆಯಲ್ಲಿ ಡಿಸ್ಕಿನ ಜಾಗ ತೀರ ಕೆಳಗೆ, ಮೂಲೆಯಲ್ಲಿ. ಹೊಸ ಪವರ್ ಸಪ್ಲೈ ಜೊತೆ ಬಂದ ವೈರು ಅಲ್ಲಿಗೆ ಎಟುಕಲಿಲ್ಲ. ಒಂದು ಗೇಣು ಕಡಿಮೆ. ಯಜಮಾನರು ಖುಷಿಯಿಂದ ಅಟ್ಟದ ಮೇಲಿಂದ ವೈರಿನ ಡಬ್ಬ ಇಳಿಸಿದರು — ಈ ವಂಶದಲ್ಲಿ ಹುಟ್ಟಿದವರು ಯಾವ ವೈರನ್ನೂ ಬಿಸಾಡಿದ ದಾಖಲೆ ಇಲ್ಲ. ಹಳೆಯ ಪವರ್ ಸಪ್ಲೈಯ ವೈರು ಸಿಕ್ಕಿತು. ಉದ್ದ ಸರಿ. ಎರಡೂ ತುದಿ ಹೇಳಿ ಮಾಡಿಸಿದಂತೆ ಕೂತವು.

ಗುಂಡಿ ಒತ್ತಿದೆ. ಟಕ್. ಅಷ್ಟೇ. ಆಮೇಲೆ ಸುಟ್ಟ ವಾಸನೆ, ಒಂದೇ ಎಳೆ.

ಒಂದು ಕಂಪನಿಯ ವೈರು ಇನ್ನೊಂದರ ಪವರ್ ಸಪ್ಲೈಗೆ ಹಾಕಲೇಬಾರದಂತೆ. ತುದಿಯ ಆಕಾರ ಒಂದೇ. ಒಳಗೆ ಯಾವ ತಂತಿಯಲ್ಲಿ ಎಷ್ಟು ಕರೆಂಟ್ ಬರುತ್ತದೆ ಎಂಬುದು ಬೇರೆ ಬೇರೆ. ಈಗ ಓದಿದೆ. ಈಗ! “ಬಣ್ಣ ಒಂದೇ ಇದೆಯಲ್ಲಮ್ಮ, ಇದೇ ಮಾತ್ರೆ ಕೊಡಿ” ಅನ್ನುವವರಿಗೆ ದಿನಕ್ಕೆ ಹತ್ತು ಸಲ ಪಾಠ ಹೇಳುವ ಹೆಂಗಸು ನಾನು.

ಯಂತ್ರಕ್ಕೇನೂ ಆಗಿಲ್ಲ. ಅವಳ ಡಿಸ್ಕ್ ತೆಗೆದರೆ ಚೆನ್ನಾಗಿ ನಡೆಯುತ್ತದೆ. ಡಿಸ್ಕ್ ತಿರುಗುತ್ತಿಲ್ಲ.

ಅವಳು ಹೊರಗೆ ಹೋಗಿದ್ದಾಳೆ. ಐದಕ್ಕೆ ಬರುತ್ತಾಳೆ.

“ಲೂಸ್ ಕನೆಕ್ಷನ್ ಅಂತ ಹೇಳೋಣ್ವಾ?” ಅಂದರು ಯಜಮಾನರು.

“ಹೇಳಿ. ಸಿನಿಮಾ ಎಲ್ಲಿ ಅಂದಾಗ?”

ಡಬ್ಬವನ್ನು ಅಟ್ಟಕ್ಕೆ ಏರಿಸಿದರು.

ಅದೇ ದಿನ, ಸಂಜೆ

ಬಾಗಿಲಲ್ಲೇ ಹೇಳಿದೆ. ಚಪ್ಪಲಿ ಕಳಚಲೂ ಬಿಡಲಿಲ್ಲ.

ಕೂಗಿದ್ದರೆ ಬದುಕುತ್ತಿದ್ದೆ. ಕೂಗಲಿಲ್ಲ. “ಯಾವ ವೈರು?” ಅಂದಳು. ತೋರಿಸಿದೆ. ಕೈಯಲ್ಲಿ ಹಿಡಿದು ಎರಡೂ ತುದಿ ನೋಡಿದಳು. “ಚೆನ್ನಾಗೇ ಕೂರುತ್ತೆ, ಅಲ್ವಾ?” ಅಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆಲ್ಲಗೆ ಹಾಕಿಕೊಂಡಳು. ಅದು ಇನ್ನೂ...

ಜೂನ್ 17

ಉಪ್ಪು ಬೇಕಾದರೆ “ಉಪ್ಪು” ಅನ್ನುತ್ತಾಳೆ. ‘ಅತ್ತಿಗೆ’ ಬಿದ್ದುಹೋಗಿದೆ.

ಜೂನ್ 19

ಇಬ್ಬರೂ ಹೋದೆವು — ಸತ್ತ ಡಿಸ್ಕಿನಿಂದ ಕಡತ ತೆಗೆದುಕೊಡುವವರ ಕಚೇರಿಗೆ. ಬಸ್ಸಿನಲ್ಲಿ ಅವಳು ಕಿಟಕಿ ಕಡೆ, ನಾನು ಅವಳ ಕಡೆ. ಚೀಲ ಅವಳ ಮಡಿಲಲ್ಲಿ.

ಕೌಂಟರಿನ ಎಂಜಿನಿಯರ್ ಮೀಟರ್ ಮುಟ್ಟಿಸಿ ನೋಡಿದ. ಡಿಸ್ಕಿನ ಹಸಿರು ಬೋರ್ಡಿನ ಮೇಲೆ ಸಾಸಿವೆಗಿಂತ ತುಸು ದೊಡ್ಡ ಕರಿ ತುಣುಕು. ಅದು ಕಾವಲುಗಾರನಂತೆ. ಹೆಚ್ಚು ಕರೆಂಟ್ ಬಂದರೆ ತಾನು ಸತ್ತು ಉಳಿದವರನ್ನು ಕಾಯುವುದು ಅದರ ಕೆಲಸ.

“ಸತ್ತಿದೆ. ಇದೊಂದೇ ಸತ್ತಿದ್ರೆ, ಕಿತ್ತು ಹಾಕಿದ್ರೆ ಡಿಸ್ಕ್ ತಿರುಗ್ಬಹುದು. ಏಟು ಆಚೆಗೂ ಹೋಗಿದ್ರೆ ನಾವು ಪೂರ್ತಿ ಬಿಚ್ಚಬೇಕು.”

“ಕಿತ್ತುಬಿಡಿ ಹಾಗಾದ್ರೆ” ಅಂದೆ.

“ಸರದಿ ಇದೆ ಮೇಡಂ. ನಿಮ್ಮದು ಮುಂದಿನ ತಿಂಗಳ ನಡುವೆ ಬರುತ್ತೆ.”

“ನಾವೇ ಕಿತ್ತರೆ?” ನಾದಿನಿ ಕೇಳಿದಳು.

“ಕೀಳೋರಿದ್ದಾರೆ. ಪಕ್ಕದ್ದೇನಾದ್ರೂ ಕಿತ್ತು ಬಂತು ಅಂದ್ರೆ, ನಮ್ಮ ಹತ್ರ ಬರಬೇಡಿ.”

ಅವಳು ಡಿಸ್ಕನ್ನು ಎತ್ತಿ ಚೀಲಕ್ಕೆ ಹಾಕಿದಳು. ಸರದಿಗೆ ಹೆಸರು ಕೊಡಲಿಲ್ಲ.

ಜೂನ್ 21, ಬೆಳಿಗ್ಗೆ

ನಾವೇ ಕೀಳೋದು ಬೇಡ ಅಂದೆ. ಈ ಸಲದ ತಾರೀಕು ಹೋದರೆ ಹೋಗಲಿ, ಮುಂದಿನ ವರ್ಷ ಕಳಿಸು, ತಿಳಿದವರು ಬಿಚ್ಚಲಿ ಅಂದೆ.

“ಆ ಹೆಂಗಸರೆಲ್ಲ ದಿನಾ ಫೋನ್ ಮಾಡ್ತಾರೆ” ಅಂದಳು. “ಕೊಳ ಮುಚ್ಚಿದ ಮೇಲೆ ಅವರು ಸೇರೋಕೆ ಒಂದು ಜಾಗ ಇಲ್ಲ. ನಮ್ಮದು ಯಾವಾಗ ತೋರಿಸ್ತೀಯಾ, ಎಲ್ಲರೂ ಒಟ್ಟಿಗೆ ಬರ್ತೀವಿ ಅಂತಾರೆ. ಅದರಲ್ಲಿ ಒಬ್ಬರಿಗೆ ಕಣ್ಣು ಮಂಜಾಗ್ತಿದೆ. ಮುಂದಿನ ವರ್ಷ ಅಂತ ನಾನು ಹೇಳಲ್ಲ.”

ಇಷ್ಟು ದಿನದಲ್ಲಿ ಅವಳಾಡಿದ ಅತಿ ಉದ್ದದ ಮಾತು. ಕಟ್ಟರ್ ಹುಡುಕಲು ಎದ್ದೆ.

ಜೂನ್ 21, ಹನ್ನೊಂದು ಗಂಟೆ

ಮೇಜಿನ ಮೇಲೆ ಮಡಿಸಿದ ಟವೆಲ್. ಅದರ ಮೇಲೆ ಡಿಸ್ಕ್, ಬೆನ್ನು ಮೇಲೆ. ಚೂಪು ಮೂತಿಯ ಚಿಕ್ಕ ಕಟ್ಟರ್. ಟಾರ್ಚ್ ಹಿಡಿಯುವ ಗುರುತರ ಹೊಣೆ ಯಜಮಾನರದು. ಬೆಳಕೆಲ್ಲ ಗೋಡೆಯ ಮೇಲೆ ಓಡಾಡಿತು. ಟಾರ್ಚ್ ಅವರಿಂದ ನಾದಿನಿಯ ಕೈಗೆ ಹೋಯಿತು.

ಕಟ್ಟರನ್ನು ಅವಳ ಮುಂದೆ ಚಾಚಿದೆ. “ನಿನ್ನ ಸಿನಿಮಾ. ನೀನೇ ಕೀಳು. ನನ್ನ ಕೈ ಸರಿಯಿಲ್ಲಮ್ಮ.”

“ನಾನು ಕಿತ್ತು ಹಾಳಾದ್ರೆ ಯಾರನ್ನ ಬೈಕೊಂಡಿರಲಿ ಅತ್ತಿಗೆ? ನೀವೇ ಕೀಳಿ.”

ಕಣ್ಣು ಮಂಜಾಯಿತು. ಒರೆಸಿಕೊಂಡೆ, ಕಾವಲುಗಾರ ಕಾಣಬೇಕಲ್ಲ. ಕಟ್ಟರಿನ ಮೂತಿ ಅದರ ಎರಡು ಮಗ್ಗುಲಿಗೆ ಇಟ್ಟೆ. ಪಕ್ಕದಲ್ಲೇ ಅದರಂಥದೇ ಇನ್ನೊಂದು, ಕೂದಲೆಳೆಯಷ್ಟು ದೂರ. ಒತ್ತಿದೆ. ಚಿಟ್ ಅಂತ ಹಾರಿ ಯಜಮಾನರ ಕಾಫಿ ಲೋಟಕ್ಕೆ ಬಿತ್ತು. ಯಾರೂ ನಗಲಿಲ್ಲ.

ಜೂನ್ 21, ಹನ್ನೆರಡಾಗುತ್ತಿದೆ

ಹೊಸ ಪವರ್ ಸಪ್ಲೈ ಜೊತೆ ಬಂದ ಗಿಡ್ಡ ವೈರನ್ನೇ ಹಾಕಿದೆ. ಎಟುಕದಿದ್ದರೆ ಎಟುಕದಿರಲಿ, ಡಿಸ್ಕೇ ಹೊರಗೆ ಟವೆಲಿನ ಮೇಲೆ ಕೂತಿದೆ. ಮೂರು ಸಲ ನೋಡಿದೆ. ನಾದಿನಿ ನೋಡಿದಳು. ಯಜಮಾನರನ್ನೂ ಕರೆದು ನೋಡಿಸಿದೆವು.

ಗುಂಡಿ ಒತ್ತಿದೆ. ನಾದಿನಿ ಡಿಸ್ಕಿನ ಮೇಲೆ ಅಂಗೈ ಇಟ್ಟಿದ್ದಾಳೆ, ಜ್ವರ ನೋಡುವವರ ಹಾಗೆ.

“ತಿರುಗ್ತಿದೆ” ಅಂದಳು. ಪಿಸುಗುಟ್ಟಿದಳು.

ಕಡತಗಳ ಹೆಸರು ಒಂದೊಂದಾಗಿ ಬಂದವು. ಹೆಸರು ಬಂದರೆ ಒಳಗೆ ಸರಕು ಇದೆ ಅಂತಲ್ಲವಂತೆ, ತೆರೆದೇ ನೋಡಬೇಕಂತೆ. ಹೊಸ ಡಿಸ್ಕಿಗೆ ಪ್ರತಿ ಮಾಡಲು ಹಚ್ಚಿದ್ದಾಳೆ. ನಾನು ಕೈ ಕಟ್ಟಿ ಕೂರಲಾರದೆ ಇಲ್ಲಿ ಗೀಚುತ್ತಿದ್ದೇನೆ. ಪ್ರತಿ ಆದ ಮೊದಲನೆಯದನ್ನು ತೆರೆಯುತ್ತಿದ್ದಾಳೆ. ಕಪ್ಪು. ಇನ್ನೂ ಕಪ್ಪು. ಯಜಮಾನರು ಕೆಮ್ಮಿದರು, ಇಬ್ಬರೂ ಗದರಿದೆವು.

ಸದ್ದು ಬಂತು. ನೀರು. ಯಾರೋ ವಯಸ್ಸಾದ ಹೆಂಗಸು ನಗುತ್ತಾ, ಹೆದರುತ್ತಾ, “ಏ, ನೀನು ಕೈ ಬಿಡಬೇಡ ಕಣೇ, ನಾನು ಮುಳುಗ್—” ಚಿತ್ರವೂ ಬಂತು, ಪೆನ್ನು ಕೆಳಗಿಡುತ್ತೇನೆ.