ಚಿಕ್ಕಿಯ ತೋಳಿನ ಅಂಕಿ

ಬೇಕರಿಯ ಹಿಂದಿನ ಕೋಣೆ
ಜೂನ್ ೧೪, ಭಾನುವಾರ

ನನ್ನ ಮುದ್ದು ಜಗಳಗಂಟಿಗೆ,

ಅಮ್ಮನ ನೂರು ಮುತ್ತು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಬೈಯುವ ಹಾಗಿಲ್ಲ.

ಹೋದ ತಿಂಗಳು ಬಂದಾಗ ನನ್ನ ತೋಳಿಗೆ ಬಿಲ್ಲೆಯಂಥ ಸೆನ್ಸರ್ ಅಂಟಿಸಿ ಹೋದೆಯಲ್ಲ, ಐದು ನಿಮಿಷಕ್ಕೊಮ್ಮೆ ನನ್ನ ಸಕ್ಕರೆಯ ಚಾಡಿಯನ್ನು ನಿನ್ನ ಫೋನಿಗೆ ಹೇಳುವಂಥದ್ದು? ಹೊರಡುವಾಗ, "ಅಂಕಿ ಇಳೀಲಿಲ್ಲ ಅಂದ್ರೆ ಬೇಕರಿ ಬಿಟ್ಟು ನನ್ನ ಜೊತೆ ಬಂದಿರ್ಬೇಕು, ಅಷ್ಟೇ" ಎಂದೆ. ಇಪ್ಪತ್ತಾರು ವರ್ಷ ಕ್ರೀಮು ಕಡೆದ ಕೈ ನನ್ನದು. ಬಿಡು ಎಂದರೆ ಬಿಡಲಾಗುತ್ತದೆಯೇ? ನಿಜವಾಗಿ ಹೆದರಿದೆ.

ಎರಡು ವಾರಕ್ಕೆ ಮೊದಲ ಬಿಲ್ಲೆಯ ಅವಧಿ ಮುಗಿಯಿತು. ನೀನು ಕೊಟ್ಟಿದ್ದ ಎರಡನೆಯದನ್ನು ನನ್ನ ತೋಳಿಗಲ್ಲ, ಚಿಕ್ಕಿಯ ತೋಳಿಗೆ ಅಂಟಿಸಿದೆ.

ಹಣೆ ಚಚ್ಚಿಕೊಳ್ಳಬೇಡ. ನನ್ನ ತಂಗಿ ಕಡ್ಡಿಯ ಹಾಗಿದ್ದಾಳೆ, ಜನ್ಮದಲ್ಲಿ ಒಂದು ಮಾತ್ರೆ ನುಂಗಿದವಳಲ್ಲ. "ಕೊಡಕ್ಕ, ನಿನ್ನ ಮಾನ ನಾನು ಉಳಿಸ್ತೀನಿ" ಎಂದು ಅವಳೇ ತೋಳು ಚಾಚಿದಳು. ಒಂದೇ ಮನೆ, ಒಂದೇ ಕೆಲಸದ ಮೇಜು. ಬಿಲ್ಲೆಯ ಅಂಕಿ ನನ್ನ ಫೋನಿನ ಮೂಲಕವೇ ನಿನಗೆ ಬರುವುದಲ್ಲ, ಅದಕ್ಕೇ ಫೋನು ಅವಳ ಏಪ್ರನ್ ಜೇಬು ಸೇರಿತು.

ಮರುದಿನ ಊಟವಾಗುತ್ತಲೇ ನಿನ್ನ ಕರೆ. "ಅಮ್ಮಾ, ಮುನ್ನೂರ ಹತ್ತು! ಏನ್ ತಿಂದೆ?" ನಾನು ತಿಂದದ್ದು ಬೇಯಿಸಿದ ತರಕಾರಿ. ಮೂರು ದಿನ ಅವಳ ಸಕ್ಕರೆಗೆ ನಾನು ಬೈಸಿಕೊಂಡೆ. ಬಿಲ್ಲೆ ಕೆಟ್ಟಿರಬೇಕು ಎಂದು ಚಿಕ್ಕಿ ಬಿದ್ದು ಬಿದ್ದು ನಕ್ಕಳು.

ನಾಲ್ಕನೆಯ ದಿನ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದವಳು ಕೊನೆಯ ಅಕ್ಷರವನ್ನು ಮೇಜಿನ ಮೇಲೆ ಬರೆದಳು. ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಿಸಿದ್ದಳು, ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ಓವನ್ನಿನ ಸೆಕೆ ಎಂದುಕೊಂಡಿದ್ದೆವು. ನಮ್ಮಮ್ಮನ ಕಣ್ಣು ಹೋದದ್ದೂ ಹೀಗೆಯೇ.

ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ಖಚಿತವಾಯಿತು, ಸಕ್ಕರೆ ಕಾಯಿಲೆ, ವರ್ಷಗಳಿಂದಲೇ ಇದ್ದಿರಬೇಕಂತೆ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡುವಷ್ಟು ಹೊತ್ತು ನಾನು ಅವಳ ಕನ್ನಡಕ ಹಿಡಿದು ನಿಂತಿದ್ದೆ. ಕಣ್ಣಿನ ಒಳಗಿನ ಪರದೆಗೆ ಏನೂ ಆಗಿಲ್ಲ, ಸಕ್ಕರೆ ಹತೋಟಿಗೆ ಬಂದರೆ ಕ್ರಮೇಣ ನೋಟದ ಮಂಜೂ ಹೋಗುತ್ತದೆ ಎಂದರು. ಅಲ್ಲೇ, ಎಲ್ಲರೆದುರು ಅತ್ತುಬಿಟ್ಟೆ.

ನಮ್ಮಮ್ಮನಿಗಾಗಿ ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸುತ್ತಿದ್ದವರು ನಾವು. ಈಗ ವಾರಕ್ಕೊಂದೇ ಸಲ ಚುಚ್ಚುವ ಇನ್ಸುಲಿನ್ನೂ ಬಂದಿದೆಯಂತೆ. ಚಿಕ್ಕಿಗೆ ಸದ್ಯಕ್ಕೆ ಮಾತ್ರೆ ಸಾಕು. ಬೆಳಿಗ್ಗೆ ಇಬ್ಬರೂ ನಡೆಯುತ್ತೇವೆ, ಅವಳು ಗೊಣಗುತ್ತಾ, ನಾನು ಕೇಳಿಸದವಳ ಹಾಗೆ. ಮೂರನೆಯ ಬಿಲ್ಲೆ ನನ್ನ ತೋಳಿನಲ್ಲೇ ಇದೆ, ಆಣೆ ಮಾಡಿ ಹೇಳುತ್ತೇನೆ. ನಿನ್ನೆ ನೀನು ಹೊಗಳಿದ ನೂರ ಮೂವತ್ತು ನನ್ನದೇ.

ಬೇಕರಿ ಮಾತ್ರ ಬಿಡುವುದಿಲ್ಲ. ರುಚಿ ನೋಡುವ ಚಮಚವನ್ನು ಓವನ್ ನೋಡಿಕೊಳ್ಳುವವನಿಗೆ ಕೊಟ್ಟಿದ್ದೇನೆ. ಕ್ರೀಮು ನಾನೇ ಕಡೆಯುತ್ತೇನೆ.

ಇನ್ನು ಎಷ್ಟು ಬೇಕಾದರೂ ಬೈಯಿ.

ನಿನ್ನ ಕಳ್ಳ ಅಮ್ಮ

ತಾ.ಕ.: ಅಜ್ಜಿ, ನಾನು, ಚಿಕ್ಕಿ. ಮೂವರದೂ ಆಯಿತು, ನಿನ್ನ ಸಕ್ಕರೆಯನ್ನು ಮಾತ್ರ ಇದುವರೆಗೆ ಯಾರೂ ನೋಡಿಲ್ಲ. ಪತ್ರದ ಜೊತೆ ಒಂದು ಬಿಲ್ಲೆ ಇಟ್ಟಿದ್ದೇನೆ. ನಿನ್ನ ತೋಳಿಗೇ ಅಂಟಿಸಿಕೋ, ಗೆಳತಿಯ ತೋಳಿಗಲ್ಲ. ಅಂಕಿ ನನ್ನ ಫೋನಿಗೆ ಬರಲಿ.