ಸ್ಟೇರಿಂಗ್ ಭಾರ

ತವರುಮನೆ, ಹಂದನಕೆರೆ
ಭಾನುವಾರ

ರೀ,

ಗುರುವಾರ ಅಪ್ಪನ ತಿಥಿ. ನೀವು ಬರಬೇಡಿ.

ಅಪ್ಪ ನಮ್ಮ ಮನೆಗೆ ಬಂದಿದ್ದಾಗ ಎದೆನೋವು ಬಂತಲ್ಲ, ಆವತ್ತು ನೀವು ಬೈಕಿನಲ್ಲಿ ಕೊಬ್ಬರಿ ಮಂಡಿಗೆ ಹೋಗಿದ್ದಿರಿ. ನಾನೇ ಕಾರು ತೆಗೆದೆ. ಕೆರೆ ಏರಿಯ ತಿರುವಿನಲ್ಲಿ ಎರಡೂ ಕೈಯಲ್ಲಿ ಜಗ್ಗಿದರೂ ಸ್ಟೇರಿಂಗ್ ತಿರುಗಲಿಲ್ಲ. ಕಾರು ತೆಂಗಿನ ಮರಕ್ಕೆ ಗುದ್ದಿ ನಿಂತಿತು. ಬೇರೆ ಗಾಡಿ ಬರುವಷ್ಟರಲ್ಲಿ ಅಪ್ಪ ನನ್ನ ಪಕ್ಕದ ಸೀಟಿನಲ್ಲೇ ತೀರಿಕೊಂಡರು. "ನಿಧಾನ ಕಣವ್ವ, ಕೈ ನೋಯಿಸ್ಕೋಬೇಡ" ಅಂದಿದ್ದೇ ಕೊನೆ ಮಾತು.

ಕಾರು ಕಲಿಯಲು ಕೂತ ದಿನದಿಂದಲೂ ಸ್ಟೇರಿಂಗ್ ಭಾರ ಅನ್ನುತ್ತಿದ್ದೆ. "ಹೆಂಗಸ್ರ ತೋಳಲ್ಲಿ ಕಸುವೆಲ್ಲಿ, ಬುಡು ಅತ್ಲಾಗೆ" ಎಂದು ನೀವು ಎಲ್ಲರೆದುರು ನಗುತ್ತಿದ್ದಿರಿ.

ನಿನ್ನೆ ಬಟ್ಟೆ ತರಲು ನಮ್ಮ ಮನೆಗೆ ಹೋಗಿದ್ದಾಗ, ಕಾರು ನೋಡಲು ಬಂದ ಮೆಕ್ಯಾನಿಕ್ ಅರುಣ ಸ್ಟೇರಿಂಗ್ ಹಗುರ ಮಾಡುವ ಮೋಟಾರಿನ ಫ್ಯೂಸ್ ಒಂದನ್ನು ಹಾಕಿದ. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು. "ನೀವು ಕಲಿಯೋದು ಬಿಡ್ಲಿ ಅಂತ ಅಣ್ಣನೇ ತೆಗೆಸಿದ್ರು ಕಣಕ್ಕ. ತಾವು ಓಡಿಸೋವಾಗ ಹಾಕ್ಕೊಳ್ಳೋರು" ಎಂದ, ನನ್ನ ಮುಖ ನೋಡದೆ.

ಅವ್ವನಿಗೆ ಹೇಳಿದೆ. "ಅಳಿಯಂದಿರು ಅಂಥೋರಲ್ಲ ಕಣೇ. ನಿನ್ನ ಕೈಲಾಗ್ಲಿಲ್ಲ, ನಮ್ಮ ಯಜಮಾನ್ರು ಹೋದ್ರು" ಎಂದು ಮುಖ ತಿರುಗಿಸಿದಳು. ಅಪ್ಪನ ಫೋಟೋಕ್ಕೆ ಹೂ ಏರಿಸಲೂ ನನ್ನನ್ನು ಬಿಡುತ್ತಿಲ್ಲ.

ಅವಳು ನಂಬುವುದು ನಿಮ್ಮ ಮಾತನ್ನೇ. ಗುರುವಾರದೊಳಗೆ ಅವಳಿಗೆ ಫೋನ್ ಮಾಡಿ, ಆ ಫ್ಯೂಸಿನ ವಿಷಯ ನೀವೇ ಹೇಳಿ.

ಇಂತಿ,
ವನಜಾಕ್ಷಿ